ಕೈಬಿಟ್ಟ ಸಾವು: ಪುಟದಿಂದ ಪರದೆಗೆ ‘ಟಮಾರಾ ಡ್ರೂ’

ಸ್ಟೀಫನ್ ಫ್ರಿಯರ್ಸ್ ನಿರ್ದೇಶನದ ‘ಟಮಾರಾ ಡ್ರೂ’ (2010) ರೊಮ್ಯಾಂಟಿಕ್ ಕಾಮಿಡಿ ಎಂದೇ ಹೆಸರಾದ ಚಿತ್ರ. ಅದರ ಮೂಲವಾದ ಪೋಸಿ ಸಿಮಂಡ್ಸ್ ಅವರ ಗ್ರಾಫಿಕ್ ಕಾದಂಬರಿಗೆ ಮಾತ್ರ ಆ ಹಣೆಪಟ್ಟಿ ಅಂಟುವುದಿಲ್ಲ. ಹಳ್ಳಿ ಅದೇ, ಪಾತ್ರಗಳೂ ಹೆಚ್ಚುಕಡಿಮೆ ಅವೇ. ಪುಸ್ತಕದಲ್ಲಿ ಸಾಯುವ ಒಬ್ಬ ಹುಡುಗಿ ಸಿನಿಮಾದಲ್ಲಿ ಬದುಕುಳಿಯುತ್ತಾಳೆ. ಕೃತಿಯ ಜಾತಿ ಬದಲಾದದ್ದು ಅಲ್ಲಿಯೇ ಎಂಬುದು ಈ ಲೇಖನದ ವಾದ.

ಕಥೆಯ ಬೇರು ಥಾಮಸ್ ಹಾರ್ಡಿಯ ‘ಫಾರ್ ಫ್ರಮ್ ದಿ ಮ್ಯಾಡಿಂಗ್ ಕ್ರೌಡ್’ನಲ್ಲಿದೆ. ಅದು 1874ರಲ್ಲಿ ‘ಕಾರ್ನ್‌ಹಿಲ್’ ಮಾಸಿಕದಲ್ಲಿ ಕಂತುಕಂತಾಗಿ ಬಂದ ಕಾದಂಬರಿ. ಸಿಮಂಡ್ಸ್ ಕೃತಿಯೂ 2005ರಿಂದ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 2007ರಲ್ಲಿ ಪುಸ್ತಕವಾಯಿತು.

ಹಾರ್ಡಿಯ ನಾಯಕಿ, ಜಮೀನಿನ ಒಡತಿ ಬಾತ್‌ಶೀಬಾ ಬೇಸರ ಕಳೆಯಲು ಪುಸ್ತಕವೊಂದನ್ನು ಚಿಮ್ಮಿ, ಅದು ಬಿದ್ದ ಮಗ್ಗುಲು ನೋಡಿ, ನೆರೆಯ ಜಮೀನ್ದಾರ ಬೋಲ್ಡ್‌ವುಡ್‌ಗೆ ಪ್ರೇಮಿಗಳ ದಿನದ ಓಲೆ ಕಳಿಸುತ್ತಾಳೆ. ಅದರ ಮೊಹರಿನಲ್ಲಿ ‘ನನ್ನನ್ನು ಮದುವೆಯಾಗು’ ಎಂದಿದೆ. ತಮಾಷೆಗೆಂದು ಹೋದ ಆ ಓಲೆ ಕೊನೆಗೆ ಕೊಲೆಯವರೆಗೆ ಎಳೆಯುತ್ತದೆ. ಸಿಮಂಡ್ಸ್ ಅದನ್ನು ಇಮೇಲ್ ಮಾಡಿದರು. ಕಳಿಸುವ ಕೈಯನ್ನೂ ಬದಲಿಸಿದರು. ರಾಕ್ ಡ್ರಮ್ಮರ್ ಬೆನ್‌ನ ಹುಚ್ಚು ಹಿಡಿಸಿಕೊಂಡ ಜೋಡಿ ಎಂಬ ಹಳ್ಳಿ ಹುಡುಗಿ, ನಾಯಕಿ ಟಮಾರಾಳ ಮನೆಗೆ ನುಗ್ಗಿ, ಅವಳದೇ ಕಂಪ್ಯೂಟರಿನಿಂದ ಅವಳ ಹೆಸರಿನಲ್ಲಿ ಪೋಲಿ ಸಂದೇಶ ಕಳಿಸುತ್ತಾಳೆ. ಮೂಲದಲ್ಲಿ ಒಡತಿ ಮಾಡಿದ ಚೇಷ್ಟೆ ಇಲ್ಲಿ ಬೇಸತ್ತ ಬಡ ಹುಡುಗಿಯ ಕೈಗೆ ಬಂದಿದೆ. ಇಡೀ ರೂಪಾಂತರದಲ್ಲಿ ಇದಕ್ಕಿಂತ ಜಾಣ ತಿರುವು ಇನ್ನೊಂದಿಲ್ಲ.

ಈ ಜೋಡಿಯೇ ಸಿಮಂಡ್ಸ್ ಪುಟಗಳ ಫ್ಯಾನಿ ರಾಬಿನ್. ಹಾರ್ಡಿಯ ಫ್ಯಾನಿ, ಸೈನಿಕ ಟ್ರಾಯ್ ಕೈಬಿಟ್ಟ ಮೇಲೆ ಬಡವರ ದುಡಿಮೆಮನೆಯಲ್ಲಿ (ವರ್ಕ್‌ಹೌಸ್) ಹೆತ್ತು ಸಾಯುತ್ತಾಳೆ. ಆ ಭಾಗವನ್ನು ಮೆತ್ತಗೆ ನಿಭಾಯಿಸಿ ಎಂದು ಸಂಪಾದಕ ಲೆಸ್ಲಿ ಸ್ಟೀಫನ್ (ವರ್ಜೀನಿಯಾ ವುಲ್ಫ್ ಅವರ ತಂದೆ) ಹಾರ್ಡಿಗೆ ಸೂಚಿಸಿದ್ದರು. ಹಾರ್ಡಿ ಧ್ವನಿ ತಗ್ಗಿಸಿದರೇ ಹೊರತು ಸಾವನ್ನು ಬಿಡಲಿಲ್ಲ. ಸಿಮಂಡ್ಸ್ ಕೂಡ ಬಿಡಲಿಲ್ಲ: ಅವರ ಜೋಡಿ ನಶೆಗಾಗಿ ಡಬ್ಬಿಯ ಅನಿಲ ಎಳೆದು ಸಾಯುತ್ತಾಳೆ. ಮೊಯಿರಾ ಬಫಿನಿ ಬರೆದ ಚಿತ್ರಕಥೆ ಅವಳನ್ನು ಉಳಿಸಿಕೊಂಡಿತು. ಸಂಪಾದಕರ ಒತ್ತಡಕ್ಕೂ ಉಳಿದುಬಂದಿದ್ದ ಸಾವು, ಪ್ರೇಕ್ಷಕರ ನಗುವಿನ ಮುಂದೆ ಉಳಿಯಲಿಲ್ಲ!

ಇದರ ಬೆಲೆ ತೆತ್ತವಳು ಜೋಡಿಯ ಗೆಳತಿ ಕೇಸಿ. ಸಿಮಂಡ್ಸ್ ಪುಟದಲ್ಲಿ ಚಿತ್ರಗಳ ಪಕ್ಕದಲ್ಲೇ ಅಚ್ಚಿನ ಗದ್ಯದ ಕಂಬಗಳಿವೆ. ಲೇಖಕರ ತಂಗುಮನೆ ನಡೆಸುವ ಬೆತ್, ಅಲ್ಲಿಗೆ ಬಂದ ಅಮೆರಿಕನ್ ಗ್ಲೆನ್, ಹದಿಹರೆಯದ ಕೇಸಿ ಸರದಿಯಂತೆ ಕಥೆ ಹೇಳುತ್ತಾರೆ. ಬಸ್ಸು ಅಪರೂಪವಾದ, ಹಳ್ಳಿ ಮನೆಗಳನ್ನು ಲಂಡನ್ನಿನ ಹಣವಂತರು ಕೊಳ್ಳುತ್ತಿರುವ ಊರು ಓದುಗರಿಗೆ ಕಾಣುವುದು ಕೇಸಿಯ ಕಣ್ಣಿನಿಂದ. ಸಿನಿಮಾದಲ್ಲಿ ಅವಳು ಜೋಡಿಯ ಬಾಲವಾಗಿ ಉಳಿದಿದ್ದಾಳೆ.

ಚಿತ್ರ ಗೆದ್ದ ಜಾಗಗಳೂ ಇವೆ. ಹೆಂಡತಿಗೆ ಮೋಸಮಾಡುವ ಪತ್ತೇದಾರಿ ಕಾದಂಬರಿಕಾರ ನಿಕೋಲಸ್ ಪಾತ್ರದಲ್ಲಿ ರೋಜರ್ ಅಲ್ಲಮ್, ಅವನ ಹಸ್ತಪ್ರತಿಗಳನ್ನು ಟೈಪು ಮಾಡುತ್ತ ಕೇಕು ಬೇಯಿಸುವ ಬೆತ್ ಆಗಿ ಟ್ಯಾಮ್ಸಿನ್ ಗ್ರೀಗ್, ಇಬ್ಬರೂ ನಾಯಕಿ ಜೆಮಾ ಆರ್ಟರ್ಟನ್‌ರನ್ನು ಮೀರಿಸುತ್ತಾರೆ. ನಿಕೋಲಸ್ ದನಗಳ ಕಾಲ್ತುಳಿತಕ್ಕೆ ಸಿಕ್ಕಿ ಸಾಯುವುದನ್ನು ಚಿತ್ರ ಹಾಗೆಯೇ ಇಟ್ಟುಕೊಂಡಿದೆ. ವಂಚಕ ಗಂಡನ ಸಾವು ಕಾಮಿಡಿಗೆ ಜೀರ್ಣವಾಯಿತು, ಹುಡುಗಿಯದು ಆಗಲಿಲ್ಲ. ನಗೆಚಿತ್ರವಾಗಿ ‘ಟಮಾರಾ ಡ್ರೂ’ ಸೊಗಸಾಗಿದೆ. ಸಿಮಂಡ್ಸ್ ಕೃತಿಯ ರೂಪಾಂತರವಾಗಿ ಅರ್ಧಕ್ಕೇ ನಿಂತಿದೆ.