ಏವರಿ ದ್ವೀಪದ ಮೆಣಸಿನ ಸಾಸ್: ಒಂದು ಸಣ್ಣ ಉದ್ಯಮ ಲಾಭಕ್ಕೆ ಬಂದ ಬಗೆ

ಅಮೆರಿಕದ ಲೂಯಿಸಿಯಾನ ರಾಜ್ಯದ ದಕ್ಷಿಣ ಅಂಚಿನ ಜೌಗು ನೆಲದಲ್ಲಿ, ಭೂಗರ್ಭದ ಉಪ್ಪಿನ ರಾಶಿ ಮೇಲೆತ್ತಿದ ದಿಬ್ಬವಾಗಿರುವ ಏವರಿ ದ್ವೀಪದಲ್ಲಿ ಎಡ್ಮಂಡ್ ಮೆಕಿಲ್ಹೆನಿ 1868ರಲ್ಲಿ ಮೊದಲ ಬಾರಿ ಮಾರಾಟಕ್ಕೆಂದೇ ಮೆಣಸಿನ ಬೆಳೆ ತೆಗೆದನು. ಅವನು ಬೆಳೆದ ಟಬ್ಯಾಸ್ಕೊ ತಳಿಯು ಕರಾವಳಿಯವರು ಗಾಂಧಾರಿ ಮೆಣಸು ಎಂದು ಕರೆಯುವ, ಗಾತ್ರದಲ್ಲಿ ಚಿಕ್ಕದಾದ ತೀಕ್ಷ್ಣ ಕಾಯಿಯ ಪ್ರಭೇದಕ್ಕೇ ಸೇರಿದ್ದು. ನ್ಯೂ ಆರ್ಲಿಯನ್ಸಿನ ಬ್ಯಾಂಕ್ ವ್ಯವಹಾರದಲ್ಲಿ ಗಳಿಸಿದ್ದ ಸಂಪತ್ತನ್ನು ಅಂತರ್ಯುದ್ಧದಲ್ಲಿ ಕಳೆದುಕೊಂಡು, ಹೆಂಡತಿಯ ತವರಾದ ಏವರಿ ಕುಟುಂಬದ ಆಸರೆಗೆ ಮರಳಿದ್ದ ಮೆಕಿಲ್ಹೆನಿ, 1869ರಲ್ಲಿ ಈ ಮೆಣಸಿನ ಸಾಸಿನ 658 ಸೀಸೆಗಳನ್ನು ಸೀಸೆಗೆ ಒಂದು ಡಾಲರಿನ ಸಗಟು ದರದಲ್ಲಿ ಕಿರಾಣಿ ವ್ಯಾಪಾರಿಗಳಿಗೆ ಮಾರಿದನು. ಮರುವರ್ಷ ತಯಾರಿಕೆಯ ವಿಧಾನಕ್ಕೆ ಪೇಟೆಂಟನ್ನೂ ಪಡೆದನು.

ಈ ಆರಂಭವನ್ನು ಬರಿಗೈಯ ಸಾಹಸವೆಂದು ಬಣ್ಣಿಸುವುದು ಸರಿಯಲ್ಲ. ಸಾಸಿಗೆ ಬೇಕಾದದ್ದು ಮೆಣಸು, ಉಪ್ಪು ಮತ್ತು ವಿನೆಗರ್ ಮಾತ್ರ. ಇವುಗಳಲ್ಲಿ ಮೊದಲೆರಡೂ ಕುಟುಂಬದ ನೆಲದಲ್ಲೇ ದೊರೆಯುತ್ತಿದ್ದವು. ದ್ವೀಪದ ಕಲ್ಲುಪ್ಪಿನ ನಿಕ್ಷೇಪ 1862ರಲ್ಲಿ ಪತ್ತೆಯಾಗಿ, ಯುದ್ಧಕಾಲದಲ್ಲಿ ದಕ್ಷಿಣದ ಪಡೆಗಳಿಗೆ ಒದಗಿತ್ತು. ಆ ನೆಲವಾದರೂ ಗುಲಾಮರ ದುಡಿಮೆಯಿಂದ ನಡೆದ ಕಬ್ಬಿನ ತೋಟವಾಗಿದ್ದು, ಭೂಮಿಯ ಗುತ್ತಿಗೆಯನ್ನೂ ಉಪ್ಪಿನ ಬೆಲೆಯನ್ನೂ ಪೂರ್ತಿಯಾಗಿ ತೆರಬೇಕಾದ ಬೇರೊಬ್ಬ ತಯಾರಕನಿಗೆ ಅದೇ ಒಂದು ಡಾಲರಿನಲ್ಲಿ ಎಷ್ಟು ಉಳಿಯುತ್ತಿತ್ತು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಈ ಉದ್ಯಮದ ಲಾಭವನ್ನು ಅಳೆಯಲಾಗದು.

ಸೀಸೆಯ ಪಾತ್ರವೂ ಕಡಿಮೆಯದಲ್ಲ. ಅತ್ತರಿನ ಸೀಸೆಯನ್ನು ಹೋಲುವ ಚಿಕ್ಕ ಗಾಜಿನ ಸೀಸೆಗೆ ಹನಿಹನಿಯಾಗಿ ಚಿಮುಕಿಸುವ ಬಿರಡೆಯನ್ನು ಜೋಡಿಸಿದ್ದರಿಂದ, ಅತಿ ಖಾರದ ದ್ರವವು ಒಮ್ಮೆಗೇ ಸುರಿಯದೆ ಮೇಜಿನ ಮೇಲೆ ಬಹುಕಾಲ ಬಾಳುವ ವಸ್ತುವಾಯಿತು. ಇದರಿಂದ ಹೆಚ್ಚಿನ ಬೆಲೆಯನ್ನು ಗ್ರಾಹಕರು ಒಪ್ಪಿಕೊಂಡರೂ, ಒಂದು ಮನೆ ಮತ್ತೊಂದು ಸೀಸೆ ಕೊಳ್ಳಲು ತಿಂಗಳುಗಳೇ ಹಿಡಿಯುವುದರಿಂದ, ಒಂದೇ ಊರಿನ ಗಿರಾಕಿಗಳನ್ನು ನಂಬಿ ಇಂಥ ಉದ್ಯಮ ಉಳಿಯುವುದು ಕಷ್ಟ. ಮೆಕಿಲ್ಹೆನಿ ದೂರದ ಪೇಟೆಗಳನ್ನು ಅರಸಿದ್ದು ಈ ಕಾರಣದಿಂದಲೇ ಇರಬೇಕು; 1870ರ ದಶಕದ ಕೊನೆಗೆ ಅವನ ಸಾಸ್ ಇಂಗ್ಲೆಂಡನ್ನೂ ತಲುಪಿತ್ತು.

ಎಲ್ಲಕ್ಕಿಂತ ಗಮನಾರ್ಹವಾದುದು ಕಾಲದ ಲೆಕ್ಕ. ಇಂದು ಕೊಯ್ಲಿನವರು ಕೆಂಪು ಬಣ್ಣ ಬಳಿದ ಪುಟ್ಟ ಕೋಲನ್ನು ಕಾಯಿಯ ಪಕ್ಕ ಹಿಡಿದು, ಬಣ್ಣ ಸರಿಹೊಂದಿದರೆ ಮಾತ್ರ ಕೀಳುತ್ತಾರೆ. ಉಪ್ಪು ಬೆರೆಸಿ ಅರೆದ ಮೆಣಸನ್ನು ಓಕ್ ಮರದ ಪೀಪಾಯಿಗಳಲ್ಲಿ ತುಂಬಿ, ಮುಚ್ಚಳದ ಮೇಲೆ ಉಪ್ಪಿನ ದಪ್ಪ ಪದರ ಹಾಸುತ್ತಾರೆ. ಹುದುಗುವಾಗ ಏಳುವ ಅನಿಲ ಈ ಪದರದ ಮೂಲಕ ಹೊರಹೋಗುತ್ತದೆ, ಪದರವು ಕ್ರಮೇಣ ಗಟ್ಟಿಕಟ್ಟಿ ಹೊರಗಿನ ಗಾಳಿಯನ್ನು ತಡೆಯುತ್ತದೆ. ಹೀಗೆ ಮೂರು ವರ್ಷದವರೆಗೆ ಮಾಗಿಸುವುದೆಂದರೆ ಅಷ್ಟು ಕಾಲ ಬಂಡವಾಳವನ್ನು ಪೀಪಾಯಿಯಲ್ಲೇ ಕಟ್ಟಿಹಾಕಿದಂತೆ. ಆದರೆ ಸ್ಥಾಪಕನ ಪದ್ಧತಿ ಹೀಗಿರಲಿಲ್ಲ: ಅವನು ಅರೆದ ಮೆಣಸನ್ನು ಸುಮಾರು ಮೂವತ್ತು ದಿನ, ವಿನೆಗರ್ ಬೆರೆಸಿದ ಬಳಿಕ ಮತ್ತೆ ಮೂವತ್ತು ದಿನ ಮಾತ್ರ ಇರಿಸುತ್ತಿದ್ದನು. ದೀರ್ಘಕಾಲದ ಮಾಗುವಿಕೆಯು ಉದ್ಯಮ ನೆಲೆಯೂರಿದ ಮೇಲೆ ಬಂದ ಪದ್ಧತಿ. ಮೊದಲ ಬೆಳೆಯನ್ನೇ ಮೂರು ವರ್ಷ ಕೂಡಿಡಬೇಕಾಗಿದ್ದರೆ 1869ರಲ್ಲಿ ಮಾರಲು ಒಂದು ಸೀಸೆಯೂ ಇರುತ್ತಿರಲಿಲ್ಲ.

1890ರಲ್ಲಿ ತೀರಿಕೊಂಡ ಮೆಕಿಲ್ಹೆನಿ ತನ್ನ ಜೀವನದ ಬಗ್ಗೆ ಬರೆದಿಟ್ಟ ಕಿರು ಟಿಪ್ಪಣಿಯಲ್ಲಿ ಈ ಸಾಸನ್ನು ಪ್ರಸ್ತಾಪಿಸಲೇ ಇಲ್ಲ. ಅದರ ಬೆಲೆಯನ್ನು ಅರಿತವರು ಅವನ ಮಕ್ಕಳು ಮತ್ತು ಪ್ರತಿಸ್ಪರ್ಧಿಗಳು. ಮೆಕಿಲ್ಹೆನಿ ಉದ್ಯಮದಲ್ಲಿ ಕೆಲಸ ಮಾಡಿದ್ದ ಬಿ. ಎಫ್. ಟ್ರ್ಯಾಪಿ 1898ರಲ್ಲಿ ಅದೇ ತಳಿಯ ಮೆಣಸಿನಿಂದ ಸ್ವಂತ ಉದ್ಯಮ ಆರಂಭಿಸಿದನು. ಮೆಕಿಲ್ಹೆನಿ ಸಾಸಿನ ಹೆಸರಾದ ಟಬ್ಯಾಸ್ಕೊ ಎಂಬುದು ಗಿಡದ ಹೆಸರೂ ಆದ್ದರಿಂದ ಎಲ್ಲರಿಗೂ ಸೇರಿದ್ದೆಂಬ ವಾದ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆದು, ಕೆಲವು ತೀರ್ಪುಗಳು ಕುಟುಂಬದ ವಿರುದ್ಧವೂ ಬಂದವು. ಕಡೆಗೆ ಮೇಲ್ಮನವಿಯ ಒಕ್ಕೂಟ ನ್ಯಾಯಾಲಯವೊಂದು 1918ರಲ್ಲಿ, ಕೊಳ್ಳುವವರ ಮನಸ್ಸಿನಲ್ಲಿ ಆ ಹೆಸರು ಮೆಕಿಲ್ಹೆನಿ ಕಂಪನಿಯ ಸಾಸನ್ನೇ ಸೂಚಿಸುತ್ತದೆಂದು ಎತ್ತಿಹಿಡಿಯಿತು. ಅಲ್ಲಿಂದ ಮುಂದೆ ಆ ಮೆಣಸನ್ನು ಯಾರು ಬೇಕಾದರೂ ಬೆಳೆಯಬಹುದಾಗಿದ್ದರೂ, ಅದರ ಹೆಸರನ್ನು ಸೀಸೆಯ ಮೇಲೆ ತಮ್ಮ ಸಾಸಿನ ಹೆಸರಾಗಿ ಅಚ್ಚು ಹಾಕಿಸುವ ಹಕ್ಕು ಇತರರ ಕೈತಪ್ಪಿತು.