ಹಿಟ್ಟಿನ ಕೋಳಿ ಮತ್ತು ಸಂಕಲ್ಪಹಿಂಸೆ: ಯಶೋಧರಚರಿತೆಯ ಒಂದು ವಿಚಾರ

ಜನ್ನನ ‘ಯಶೋಧರಚರಿತೆ’ಯನ್ನು ಪಾಠ ಹೇಳುವವರಿಗೆ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಯಶೋಧರ ಕೊಂದದ್ದು ಹಿಟ್ಟಿನ ಕೋಳಿಯನ್ನಲ್ಲವೇ? ಜೀವವಿಲ್ಲದ ಆ ಹಿಟ್ಟಿನ ಮುದ್ದೆಗಾಗಿ ತಾಯಿ, ಮಗ ಇಬ್ಬರೂ ಆರಾರು ತಿರ್ಯಗ್ಜನ್ಮಗಳಲ್ಲಿ ತೊಳಲಬೇಕೇ? ಈ ಪ್ರಶ್ನೆಯನ್ನು ‘ಅದು ಕರ್ಮಸಿದ್ಧಾಂತ’ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಪ್ರಾಣಿಗಳ ವಿಷಯದಲ್ಲಿ ಜೈನ ಚಿಂತನೆಯ ನಿಲುವೇನು ಎಂಬುದು ಈ ಪ್ರಶ್ನೆಯಲ್ಲಿಯೇ ಅಡಗಿದೆ. ಅಮೃತಮತಿ ಮತ್ತು ಅಷ್ಟಾವಂಕರ ಪ್ರಸಂಗವನ್ನು ಕುರಿತು ನಮ್ಮ ವಿಮರ್ಶೆ ಬರೆದಷ್ಟನ್ನು ಈ ಕೋಳಿಯನ್ನು ಕುರಿತು ಬರೆದಿಲ್ಲ. ಆದ್ದರಿಂದ ಅದನ್ನು ಇಲ್ಲಿ ಪರಿಶೀಲಿಸುವುದು ಉಚಿತ.

ಹೊಯ್ಸಳ ವೀರಬಲ್ಲಾಳನಿಂದ ‘ಕವಿಚಕ್ರವರ್ತಿ’ ಎನಿಸಿಕೊಂಡ ಜನ್ನ ಈ ಕಾವ್ಯವನ್ನು 1209ರಲ್ಲಿ ರಚಿಸಿದನು. ಕಥೆ ಅವನಿಗಿಂತ ಬಹಳ ಹಳೆಯದು. ಹರಿಭದ್ರನ ಪ್ರಾಕೃತ ‘ಸಮರಾಇಚ್ಚಕಹಾ’ದಲ್ಲಿ ಇದರ ಒಂದು ರೂಪವಿದೆ. ಸೋಮದೇವಸೂರಿ 959ರಲ್ಲಿ ಮುಗಿಸಿದ ‘ಯಶಸ್ತಿಲಕಚಂಪು’ ಇದೇ ಕಥೆಯ ಬೃಹದ್ರೂಪ. ಪಂಪನ ಆಶ್ರಯದಾತನಾದ ಅರಿಕೇಸರಿಯ ಮಗನ ಕಾಲದಲ್ಲಿ, ಗಂಗಧಾರೆಯಲ್ಲಿ ಆ ಕೃತಿ ಪೂರ್ಣಗೊಂಡಿತು. ಅದೇ ಶತಮಾನದಲ್ಲಿ ಮಾನ್ಯಖೇಟದ ಪುಷ್ಪದಂತ ಇದನ್ನು ಅಪಭ್ರಂಶದಲ್ಲಿ ‘ಜಸಹರಚರಿಉ’ ಎಂದು ಹಾಡಿದನು. ಹನ್ನೊಂದನೆಯ ಶತಮಾನದಲ್ಲಿ ವಾದಿರಾಜ ನಾಲ್ಕು ಸರ್ಗಗಳ ಸಂಸ್ಕೃತ ಕಾವ್ಯವಾಗಿಸಿದನು. ಜನ್ನನ ನಾಲ್ಕು ಅವತಾರಗಳಿಗೆ ಆಧಾರ ಈ ವಾದಿರಾಜನ ಕೃತಿಯೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಕರ್ನಾಟಕದ ಅರಸುಮನೆತನಗಳ ಆಶ್ರಯದಲ್ಲಿ ಮೂರು ನಾಲ್ಕು ಭಾಷೆಗಳ ಜೈನ ಕವಿಗಳು ಒಂದೇ ಕಥೆಗೆ ಮರಳಿ ಮರಳಿ ಬಂದರೆಂಬುದು ಗಮನಾರ್ಹ.

ಕಥಾಸಾರ ಎಲ್ಲರಿಗೂ ತಿಳಿದದ್ದೇ. ಪತ್ನಿಯ ಜಾರತನವನ್ನು ಕಣ್ಣಾರೆ ಕಂಡ ಯಶೋಧರ ಅದನ್ನು ತಾಯಿ ಚಂದ್ರಮತಿಗೆ ಹೇಳಲಾರದೆ ಕೆಟ್ಟ ಕನಸು ಬಿದ್ದಿತೆಂದು ಸುಳ್ಳಾಡುತ್ತಾನೆ. ಆಕೆ ಶಾಂತಿಗಾಗಿ ದೇವಿಗೆ ಬಲಿ ಕೊಡೆಂದು ಒತ್ತಾಯಿಸುತ್ತಾಳೆ. ಮಗ ಒಪ್ಪದಿದ್ದಾಗ, ಜೀವವಿಲ್ಲದ ಹಿಟ್ಟಿನ ಕೋಳಿಯನ್ನಾದರೂ ಕೊಡೆಂದು ಇಳಿದು ಬರುತ್ತಾಳೆ. ತಾಯಿಯ ಮೇಲಿನ ದಾಕ್ಷಿಣ್ಯಕ್ಕೆ ಅವನು ಒಪ್ಪುತ್ತಾನೆ. ಕೋಳಿಯ ರೂಪದ ಚೆಲುವಿಗೆ ಮಾರುಹೋದ ಬೆಂತರವೊಂದು ಅದರೊಳಗೆ ಸೇರಿಕೊಂಡಿರುತ್ತದೆ. ಕತ್ತಿಯ ಏಟು ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕತ್ತಿಯ ಏಟಿಗೆ ಬೆಂತರವೇನೂ ಸಾಯುವುದಿಲ್ಲ. ಆದ್ದರಿಂದ ಆ ಕೂಗನ್ನು ಒಂದು ಜೀವ ಹೋದುದರ ಗುರುತೆಂದು ತಿಳಿಯಲಾಗದು. ಅರಸನ ಮನಸ್ಸಿನಲ್ಲಿ ಆಗಲೇ ನಡೆದುಹೋಗಿದ್ದ ಕೊಲೆಯನ್ನು ಆ ಕೂಗು ಅವನ ಕಿವಿಗೆ ಮುಟ್ಟಿಸುತ್ತದೆ, ಅಷ್ಟೆ.

ಜೈನಾಚಾರ್ಯರು ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆ ಎಂದು ಎರಡಾಗಿ ವಿಂಗಡಿಸುತ್ತಾರೆ. ಪ್ರಾಣಹರಣವಾದುದು ದ್ರವ್ಯಹಿಂಸೆ, ಕೊಲ್ಲುವ ಪರಿಣಾಮ ಮನಸ್ಸಿನಲ್ಲಿ ಹುಟ್ಟಿದುದು ಭಾವಹಿಂಸೆ. ಉಮಾಸ್ವಾತಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದಯುಕ್ತವಾದ ಯೋಗಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ ಇನ್ನೂ ಮುಂದೆ ಹೋಗಿ, ರಾಗಾದಿಗಳು ಹುಟ್ಟುವುದನ್ನೇ ಹಿಂಸೆಯೆಂದು ಪರಿಗಣಿಸುತ್ತದೆ. ಗೃಹಸ್ಥನ ದೃಷ್ಟಿಯಿಂದ ಇನ್ನೊಂದು ವಿಂಗಡಣೆಯಿದೆ: ಅಡುಗೆ, ಮನೆವಾರ್ತೆಗಳಲ್ಲಿ ಆಗುವ ಆರಂಭೀ, ಬೇಸಾಯ ಮೊದಲಾದ ಉದ್ಯೋಗಗಳಲ್ಲಿ ಆಗುವ ಉದ್ಯೋಗೀ, ಆತ್ಮರಕ್ಷಣೆಯಲ್ಲಿ ಆಗುವ ವಿರೋಧೀ, ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ. ಮೊದಲ ಮೂರನ್ನು ಶ್ರಾವಕನು ಪೂರ್ತಿಯಾಗಿ ಬಿಡಲಾರ, ತಗ್ಗಿಸಬಹುದು. ನಾಲ್ಕನೆಯದನ್ನು ಮಾತ್ರ ಅವನು ಸಂಪೂರ್ಣವಾಗಿ ಬಿಡಲೇಬೇಕು.

ಈ ಬೆಳಕಿನಲ್ಲಿ ನೋಡಿದರೆ ಹಿಟ್ಟಿನ ಕೋಳಿಯ ಒಗಟು ಬಿಡುತ್ತದೆ. ಧಾನ್ಯವನ್ನು ಬೀಸಿ ಹಿಟ್ಟು ಮಾಡುವಲ್ಲಿಯೂ ಸೂಕ್ಷ್ಮಜೀವಿಗಳ ಹಿಂಸೆಯುಂಟು, ಒಲೆಯ ಬೆಂಕಿಯಲ್ಲಿಯೂ ನೀರಿನಲ್ಲಿಯೂ ಉಂಟು. ಅದು ಆರಂಭೀ ಹಿಂಸೆ. ಅದೇ ಹಿಟ್ಟಿಗೆ ಕೋಳಿಯ ರೂಪ ಕೊಟ್ಟು, ಕೋಳಿಯೆಂದು ಭಾವಿಸಿ ಕತ್ತಿ ಎತ್ತಿದಾಗ ಅದು ಸಂಕಲ್ಪೀ ಆಯಿತು. ಹೊರಗೆ ಸತ್ತ ಜೀವಗಳನ್ನು ಎಣಿಸಿದರೆ ಬೀಸುವ ಕಲ್ಲಿನಲ್ಲಿಯೇ ಹೆಚ್ಚು ಸತ್ತಿರಬಹುದು. ಆದರೆ ಬೀಸುವವರ ಮನಸ್ಸಿನಲ್ಲಿ ಕೊಲೆಯಿಲ್ಲ, ಕಡಿದವನ ಮನಸ್ಸಿನಲ್ಲಿ ಇದೆ. ಚಂದ್ರಮತಿಯ ಪಾಡನ್ನೂ ಹೀಗೆಯೇ ತಿಳಿಯಬೇಕು. ಆಕೆ ಕತ್ತಿ ಹಿಡಿಯಲಿಲ್ಲ. ಆದರೂ ಮಗನ ಜೊತೆಜೊತೆಗೇ ಜನ್ಮವೆತ್ತುತ್ತಾಳೆ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು ಈ ಮೂರಕ್ಕೂ ಬಂಧವುಂಟೆಂಬ ಶಾಸ್ತ್ರದ ಮಾತಿಗೆ ಆಕೆ ನಿದರ್ಶನ.

ಜೀವಬಲಿಗೆ ಪ್ರತಿಯಾಗಿ ಹಿಟ್ಟಿನ ಪಶು ಎಂಬ ವಿಚಾರ ಜೈನರೊಬ್ಬರದೇ ಚರ್ಚೆಯಲ್ಲ. ಪಶುವಿನ ಆಸೆಯುಳ್ಳವನು ತುಪ್ಪದಲ್ಲಿಯೋ ಹಿಟ್ಟಿನಲ್ಲಿಯೋ ಪಶುವನ್ನು ಮಾಡಿಕೊಳ್ಳಲಿ ಎಂಬ ಅಭಿಪ್ರಾಯ ಮನುಸ್ಮೃತಿಯಲ್ಲಿ ಬರುತ್ತದೆ. ಜನ್ನನ ಶತಮಾನದಲ್ಲಿಯೇ ಕರಾವಳಿಯಲ್ಲಿ ಹುಟ್ಟಿದ ಮಧ್ವಾಚಾರ್ಯರ ಪರಂಪರೆ ಯಜ್ಞದಲ್ಲಿ ಪಿಷ್ಟಪಶುವನ್ನು ಬಳಕೆಗೆ ತಂದಿತು. ಅಸಂಖ್ಯ ಪ್ರಾಣಿಗಳ ಜೀವ ಉಳಿಸುವ ಸುಧಾರಣೆ ಅದು. ಇದರ ಬೆಲೆಯನ್ನು ಕಡಿಮೆ ಮಾಡಿ ಹೇಳುವುದು ನ್ಯಾಯವಲ್ಲ. ಬದುಕಿ ಉಳಿದ ಆಡಿನ ದೃಷ್ಟಿಯಿಂದ ಅದೇ ಪರಮಧರ್ಮ. ಜೈನ ಕವಿಗಳ ಪ್ರಶ್ನೆ ಬೇರೆ: ಆಡು ಉಳಿಯಿತು, ಕಡಿಯುವವನ ಕೈ ಉಳಿಯಿತೇ?

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಜೈನ ಪುರಾಣಗಳೇ ಧಾನ್ಯದ ಯಜ್ಞವನ್ನು ಎತ್ತಿಹಿಡಿದಿಲ್ಲವೇ? 783ರ ಜಿನಸೇನರ ‘ಹರಿವಂಶಪುರಾಣ’ದಲ್ಲಿ ನಾರದ, ಪರ್ವತ, ವಸುರಾಜರ ಕಥೆಯಿದೆ. ಯಜ್ಞವಿಧಿಯಲ್ಲಿ ಬರುವ ‘ಅಜ’ ಶಬ್ದಕ್ಕೆ ಆಡು ಎಂದರ್ಥವೆಂದು ಪರ್ವತ ವಾದಿಸುತ್ತಾನೆ. ಮೊಳೆಯುವ ಶಕ್ತಿ ಕಳೆದುಕೊಂಡ ಹಳೆಯ ಧಾನ್ಯವೆಂದು ಗುರು ಹೇಳಿಕೊಟ್ಟಿದ್ದನೆಂಬುದು ನಾರದನ ಮಾತು. ಸತ್ಯ ತಿಳಿದೂ ಪರ್ವತನ ಪರವಾಗಿ ತೀರ್ಪಿತ್ತ ವಸು ಸಿಂಹಾಸನದೊಡನೆ ಕುಸಿದು ಅಧೋಗತಿಗಿಳಿಯುತ್ತಾನೆ. ಮಹಾಭಾರತದ ಶಾಂತಿಪರ್ವದಲ್ಲಿಯೂ ಈ ವಿವಾದದ ಮತ್ತೊಂದು ರೂಪವಿದೆ. ಹಾಗಾದರೆ ಅಲ್ಲಿ ಧಾನ್ಯ ಧರ್ಮವಾಗಿ, ಇಲ್ಲಿ ಧಾನ್ಯದ ಹಿಟ್ಟು ಪಾಪವಾದುದು ಹೇಗೆ?

ಎರಡೂ ಕಥೆಗಳನ್ನು ಜೊತೆಗಿಟ್ಟು ನೋಡಿದರೆ ವಿರೋಧ ಕಾಣುವುದಿಲ್ಲ. ನಾರದನ ಧಾನ್ಯ ಧಾನ್ಯವಾಗಿಯೇ ಉಳಿಯುತ್ತದೆ, ಅದು ಆಡಿನ ವೇಷ ಹಾಕುವುದಿಲ್ಲ. ಯಶೋಧರನ ಹಿಟ್ಟು ಕೋಳಿಯಾಗುತ್ತದೆ. ಒಂದರಲ್ಲಿ ಕೊಲೆಯ ಅರ್ಥವನ್ನೇ ಬಿಟ್ಟುಕೊಟ್ಟಿದೆ. ಇನ್ನೊಂದರಲ್ಲಿ ವಸ್ತುವನ್ನು ಮಾತ್ರ ಬದಲಿಸಿ ಅರ್ಥವನ್ನು ಉಳಿಸಿಕೊಂಡಿದೆ.

ಆರು ಜನ್ಮಗಳ ಕಥನವನ್ನು ಕೇವಲ ದಂಡನೆಯ ಪಟ್ಟಿಯೆಂದು ಓದಿದರೆ ಕಾವ್ಯಕ್ಕೆ ಅನ್ಯಾಯವಾಗುತ್ತದೆ. ಮಗ ನವಿಲು, ತಾಯಿ ನಾಯಿ; ಮುಳ್ಳುಹಂದಿ, ಹಾವು; ಮೀನು, ಮೊಸಳೆ; ಬಳಿಕ ಆಡುಗಳು, ಕೋಣ, ಕೊನೆಗೆ ಕೋಳಿಗಳ ಜೋಡಿ. ಯಾವ ಅರಮನೆಯನ್ನು ಯಶೋಧರ ಆಳಿದ್ದನೋ ಅದೇ ಅರಮನೆಗೆ ನವಿಲಾಗಿ ಬರುತ್ತಾನೆ. ಮಗ ಯಶೋಮತಿ ತಂದೆಯ ಸದ್ಗತಿಗೆಂದು ಮಾಡಿಸಿದ ಶ್ರಾದ್ಧದ ಅಡುಗೆಗೆ ತಂದೆಯ ಜೀವವೇ ಒದಗುತ್ತದೆ. ಓದುಗನು ಇಲ್ಲಿ ಪ್ರಾಣಿಯನ್ನು ಹೊರಗಿನಿಂದ ನೋಡಿ ಮರುಗುವುದಿಲ್ಲ. ಪ್ರಾಣಿಯ ಒಳಗಿದ್ದು ಮನುಷ್ಯನನ್ನು ನೋಡುತ್ತಾನೆ. ತಟ್ಟೆಯಲ್ಲಿರುವ ಮಾಂಸ ಯಾವ ಬಂಧುವಿನದೋ ಎಂಬ ಅಂಜಿಕೆ ಒಮ್ಮೆ ಹುಟ್ಟಿದರೆ, ದಯೆಗೆ ಬೇರೆ ಉಪದೇಶ ಬೇಡ. ಜೀವಗಳು ಪರಸ್ಪರ ಉಪಕಾರಿಗಳೆಂಬ ತತ್ತ್ವಾರ್ಥದ ಮಾತು ಈ ಕಾವ್ಯದಲ್ಲಿ ರಕ್ತಸಂಬಂಧವಾಗಿಬಿಡುತ್ತದೆ. ಕೋಳಿಗಳಾಗಿದ್ದಾಗ ಧರ್ಮಶ್ರವಣದಿಂದ ಎಚ್ಚೆತ್ತು ಕೂಗಿದ ಆ ಜೀವಗಳು, ಶಬ್ದವೇಧಿಯಾದ ಯಶೋಮತಿಯ ಬಾಣಕ್ಕೆ ಸತ್ತು, ಅವನ ಮಕ್ಕಳೇ ಆಗಿ ಅಭಯರುಚಿ, ಅಭಯಮತಿ ಎಂದು ಹುಟ್ಟುತ್ತವೆ. ಮಾರಿದತ್ತನು ಚಂಡಮಾರಿಗೆ ಬಲಿಕೊಡಲು ಹಿಡಿತರಿಸಿದ್ದು ಇವರನ್ನೇ. ಇವರ ಕಥೆ ಕೇಳಿ ಅವನು ಬಲಿಯನ್ನು ತೊರೆಯುತ್ತಾನೆ. ದೇವಿಯೂ ಹಿಂಸೆಯಿಂದ ವಿಮುಖಳಾಗುತ್ತಾಳೆ.

1980ರಲ್ಲಿ ಗಿರೀಶ ಕಾರ್ನಾಡರು ಈ ವಸ್ತುವನ್ನು ‘ಹಿಟ್ಟಿನ ಹುಂಜ’ ನಾಟಕವಾಗಿಸಿದಾಗ ಆರಿಸಿಕೊಂಡದ್ದು ಸಂಕಲ್ಪಹಿಂಸೆಯ ಈ ಬಿಂದುವನ್ನೇ. ಪ್ರಶ್ನೆ ಹಳತಾಗಿಲ್ಲವೆಂಬುದಕ್ಕೆ ಅದು ಸಾಕ್ಷಿ. ನಮ್ಮ ರಾಜ್ಯದಲ್ಲಿ ದೇವಾಲಯಗಳ ಪ್ರಾಣಿಬಲಿಯನ್ನು ತಡೆಯುವ ಕಾನೂನು 1959ರಷ್ಟು ಹಿಂದೆಯೇ ಬಂದಿದೆ. ಕಾನೂನಿಗೆ ದ್ರವ್ಯಹಿಂಸೆ ಮಾತ್ರ ಕಾಣುತ್ತದೆ, ಕಾಣಬೇಕಾದದ್ದೂ ಅಷ್ಟೇ. ಮನಸ್ಸಿನ ಕೊಲೆಗೆ ಶಿಕ್ಷೆ ಕೊಡುವ ರಾಜ್ಯ ಭಯಾನಕವಾದೀತು. ಆದರೆ ಆಯುಧಪೂಜೆಯ ದಿನ ಕುಂಕುಮ ತುಂಬಿದ ಬೂದುಗುಂಬಳವನ್ನು ರಸ್ತೆಯಲ್ಲಿ ಒಡೆಯುವಾಗ ನಾವು ಏನನ್ನು ಒಡೆಯುತ್ತಿದ್ದೇವೆ, ಆ ಕೆಂಪು ಯಾವುದರ ನೆನಪು ಎಂದು ಕೇಳಿಕೊಳ್ಳುವ ಹೊಣೆ ನಮ್ಮದೇ.

ಬಾಲ್ಯದಲ್ಲಿ ಸಂಕ್ರಾಂತಿಗೆ ನೆರೆಮನೆಗಳಿಂದ ಸಕ್ಕರೆ ಅಚ್ಚು ಬಂದಾಗ ನಮ್ಮಜ್ಜಿ ಗಿಣಿ, ಮೀನುಗಳ ಅಚ್ಚನ್ನು ಮಕ್ಕಳ ಕೈಗೆ ಕೊಡುತ್ತಿರಲಿಲ್ಲ. ನೀರಿನಲ್ಲಿ ಕರಗಿಸಿ ಪಾನಕ ಮಾಡುತ್ತಿದ್ದರು. ‘ಸಕ್ಕರೆಯಲ್ಲವೇ ಅಜ್ಜಿ?’ ಎಂದರೆ, ‘ಸಕ್ಕರೆ ಹೌದು ಮಗಾ, ತಲೆ ಕಚ್ಚುವಾಗ ನಿನಗೆ ಗಿಣಿ ಅಂತ ಗೊತ್ತಿರುತ್ತಲ್ಲ’ ಎನ್ನುತ್ತಿದ್ದರು. ಅವರು ಜನ್ನನನ್ನು ಓದಿದವರಲ್ಲ. ವಿದ್ಯಾರ್ಥಿಗಳ ಪ್ರಶ್ನೆಗೆ ಇಂದಿಗೂ ನಾನು ಮೊದಲು ಹೇಳುವುದು ಅವರ ಮಾತನ್ನೇ; ಶಾಸ್ತ್ರದ ವಿಂಗಡಣೆಗಳನ್ನು ಆಮೇಲೆ ಹೇಳುತ್ತೇನೆ.