ಕೆರೆ, ತೋಟ, ಉತ್ಸವ: ಬೆಂಗಳೂರಿನ ಬೇಸಿಗೆಯ ಚರಿತ್ರೆ

ಬೇಸಿಗೆಯಲ್ಲಿ ಪರಊರಿನವರನ್ನು ಬರಮಾಡಿಕೊಳ್ಳುವ ಭಾರತದ ಊರುಗಳಲ್ಲಿ ಹೆಚ್ಚಿನವು ಗಿರಿಧಾಮಗಳು. ಬಯಲುಸೀಮೆಯ ದೊಡ್ಡ ನಗರವೊಂದು ಆ ಸಾಲಿನಲ್ಲಿ ನಿಂತಿರುವುದು ಅಪರೂಪ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಈ ಸ್ಥಾನ ದೊರೆತದ್ದು ಅದರ ಎತ್ತರದಿಂದಲೇ ಎಂದು ಹೇಳುವ ರೂಢಿಯಿದ್ದರೂ, ಎತ್ತರ ಕೊಟ್ಟದ್ದು ತಂಪಾದ ಸಂಜೆಗಳನ್ನು ಮಾತ್ರ. ಆ ಸಂಜೆಗಳಲ್ಲಿ ನೋಡುವುದಕ್ಕೆ, ಕೇಳುವುದಕ್ಕೆ, ಅಡ್ಡಾಡುವುದಕ್ಕೆ ಏನಾದರೂ ಇರುವಂತೆ ಮಾಡಿದವರು ಕೆರೆ ಕಟ್ಟಿಸಿದವರು, ತೋಟ ಬೆಳೆಸಿದವರು ಮತ್ತು ಉತ್ಸವ ನಡೆಸಿಕೊಂಡು ಬಂದವರು. ಇಂದು ಪ್ರವಾಸಿಗರಿಗೆ ನಗರದ ಬೇಸಿಗೆಯ ಆಕರ್ಷಣೆಗಳೆಂದು ತೋರಿಸಲಾಗುವ ತಾಣಗಳು ಮತ್ತು ಆಚರಣೆಗಳು ಮೂರು ಬೇರೆ ಬೇರೆ ಮೂಲಗಳಿಂದ ಬಂದು ಒಂದೇ ಋತುವಿನಲ್ಲಿ ಕೂಡಿಕೊಂಡಂಥವು: ಪೇಟೆಯ ಪಂಚಾಂಗ, ಅರಸರ ವಿಹಾರ ಮತ್ತು ದಂಡಿನ ಮನರಂಜನೆ.

ಈ ಮೂರಕ್ಕೂ ಹಿನ್ನೆಲೆಯಾಗಿ ನಿಂತದ್ದು ನೀರಿನ ವ್ಯವಸ್ಥೆ. ಬೆಂಗಳೂರು ಒಂದು ಏಣಿನ ಮೇಲೆ ಬೆಳೆದ ಊರು; ಅದರ ಒಂದು ಬದಿಯ ಮಳೆನೀರು ವೃಷಭಾವತಿ ಮತ್ತು ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರಿದರೆ ಇನ್ನೊಂದು ಬದಿಯ ನೀರು ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ವರ್ಷವಿಡೀ ತುಂಬಿ ಹರಿಯುವ ನದಿಯೊಂದು ಹತ್ತಿರದಲ್ಲಿ ಇಲ್ಲದ ಕಾರಣ, 1537ರಲ್ಲಿ ಕೆಂಪೇಗೌಡರು ಪೇಟೆಯನ್ನು ಕಟ್ಟಿಸಿದ ಕಾಲದಿಂದಲೂ ಕೆರೆಗಳೇ ಊರಿನ ಜೀವನಾಧಾರವಾಗಿದ್ದವು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳು ಕುಡಿಯುವ ನೀರನ್ನೂ ತೋಟಗಳಿಗೆ ನೀರಾವರಿಯನ್ನೂ ಒದಗಿಸುತ್ತ, ಚೈತ್ರ ವೈಶಾಖಗಳ ಬಿಸಿಲಿನಲ್ಲೂ ಊರಿನ ಸುತ್ತ ಹಸಿರನ್ನು ಉಳಿಸಿದ್ದವು.

ಪೇಟೆಯ ಬೇಸಿಗೆ ಉತ್ಸವಗಳಲ್ಲಿ ಮುಖ್ಯವಾದ ಕರಗ ಈ ಕೆರೆಗಳೊಡನೆ ನೇರವಾಗಿ ಹೊಂದಿಕೊಂಡಿದೆ. ಕರಗವೆಂದರೆ ಶಕ್ತಿದೇವತೆಯನ್ನು ಆವಾಹನೆ ಮಾಡಿದ, ಹೂವಿನಿಂದ ಅಲಂಕರಿಸಿದ ಕಲಶ. ಬೆಂಗಳೂರಿನಲ್ಲಿ ಆ ಶಕ್ತಿ ಮಹಾಭಾರತದ ದ್ರೌಪದಿ. ವಹ್ನಿಕುಲ ಕ್ಷತ್ರಿಯರೆಂದೂ ಕರೆಯಲಾಗುವ ತಿಗಳ ಸಮುದಾಯ ಈ ಉತ್ಸವವನ್ನು ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಲ್ಲಿ ನಡೆಸಿಕೊಂಡು ಬಂದಿದೆ. ತಿಗಳರು ಹೂವು, ಹಣ್ಣು, ತರಕಾರಿಗಳನ್ನು ಬೆಳೆಯುವುದರಲ್ಲಿ ಹೆಸರಾದವರಾದ್ದರಿಂದ ಕೆರೆಯ ಕೆಳಗಿನ ತೋಟಗಳು ಅವರ ಬದುಕಾಗಿದ್ದವು, ಕೆರೆಯ ದಡ ಅವರ ಆಚರಣೆಯ ನೆಲೆಯಾಗಿತ್ತು. ಚೈತ್ರ ಶುದ್ಧ ತ್ರಯೋದಶಿಯಂದು ಸಂಪಂಗಿ ಕೆರೆಯ ಅಂಗಳದಲ್ಲಿ ಹಸಿ ಕರಗ ನಡೆದು, ಹುಣ್ಣಿಮೆಯ ರಾತ್ರಿ ಹೂವಿನ ಕರಗ ದೇವಸ್ಥಾನದಿಂದ ಹೊರಡುತ್ತದೆ. ಬಳೆ ತೊಟ್ಟು, ಮಲ್ಲಿಗೆ ಮುಡಿದು, ಸ್ತ್ರೀವೇಷ ಧರಿಸಿದ ಅರ್ಚಕರು ತಲೆಯ ಮೇಲೆ ಕರಗವನ್ನು ಹೊತ್ತು ನಡೆಯುವಾಗ, ಕತ್ತಿ ಹಿಡಿದ ವೀರಕುಮಾರರು ಸುತ್ತುವರಿದು ಗೋವಿಂದ ನಾಮವನ್ನು ಕೂಗುತ್ತ ಸಾಗುತ್ತಾರೆ. ಹಳೆಯ ಪೇಟೆಯ ಬೀದಿಗಳನ್ನು ಸುತ್ತುವ ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಭೇಟಿ ಕೊಟ್ಟು ಬೆಳಗಿನ ಹೊತ್ತಿಗೆ ದೇವಸ್ಥಾನಕ್ಕೆ ಮರಳುತ್ತದೆ. ಹಗಲ ಬಿಸಿಲು ಇಳಿದ ಮೇಲೆ ಬೆಳದಿಂಗಳಲ್ಲಿ ನಡೆಯುವ ಈ ಉತ್ಸವಕ್ಕಾಗಿ ಸುತ್ತಮುತ್ತಲಿನ ಹಳ್ಳಿಗಳಿಂದ ಜನ ಬಂದು ಸೇರುತ್ತಿದ್ದುದರಿಂದ, ಪ್ರವಾಸೋದ್ಯಮವೆಂಬ ಕಲ್ಪನೆ ಹುಟ್ಟುವುದಕ್ಕೆ ಬಹಳ ಮೊದಲೇ ಬೇಸಿಗೆಯಲ್ಲಿ ಬೆಂಗಳೂರಿಗೆ ಬರುವುದಕ್ಕೆ ಒಂದು ಕಾರಣ ಇತ್ತೆನ್ನಬಹುದು.

ಹೀಗೆ ಬಂದವರ ದಾಹ ತಣಿಸುವುದು ಪುಣ್ಯಕಾರ್ಯವೆಂಬ ಭಾವನೆ ಕನ್ನಡ ನಾಡಿನಲ್ಲಿ ಹಳೆಯದು. ದಾರಿಹೋಕರಿಗೆ ನೀರು, ಮಜ್ಜಿಗೆಗಳನ್ನು ಉಚಿತವಾಗಿ ಕೊಡುವ ಅರವಟ್ಟಿಗೆಗಳ ಉಲ್ಲೇಖ ಶಾಸನಗಳಲ್ಲಿಯೂ ಬರುತ್ತದೆ. ಚೈತ್ರ ಶುದ್ಧ ನವಮಿಯ ರಾಮನವಮಿಯಂದು ಬೆಂಗಳೂರಿನ ಬೀದಿಬೀದಿಗಳಲ್ಲಿ ಬೆಲ್ಲ, ಏಲಕ್ಕಿ, ಶುಂಠಿ ಬೆರೆಸಿದ ಪಾನಕ, ನೀರುಮಜ್ಜಿಗೆ ಮತ್ತು ನೆನೆಸಿದ ಹೆಸರುಬೇಳೆಯ ಕೋಸಂಬರಿಯನ್ನು ಹಂಚುವ ಪದ್ಧತಿ ಇದೇ ಭಾವನೆಯ ಮುಂದುವರಿಕೆ. ಇವು ಪ್ರಸಾದವೂ ಹೌದು, ಬಿಸಿಲಿನಲ್ಲಿ ಬಳಲಿದ ದೇಹಕ್ಕೆ ಉಪಚಾರವೂ ಹೌದು. ಇದರ ಜೊತೆಗೆ ಸಂಗೀತ ಸೇರಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾವ್ ಅವರು ಚಾಮರಾಜಪೇಟೆಯಲ್ಲಿ ಸ್ಥಾಪಿಸಿದ ಶ್ರೀ ರಾಮಸೇವಾ ಮಂಡಳಿ, ಕಾಲಕ್ರಮದಲ್ಲಿ ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ತಿಂಗಳುಗಟ್ಟಲೆ ಕಛೇರಿಗಳನ್ನು ಏರ್ಪಡಿಸತೊಡಗಿತು. ಎಂ. ಎಸ್. ಸುಬ್ಬುಲಕ್ಷ್ಮಿ ಅವರಂಥ ವಿದ್ವಾಂಸರು ಹಾಡಿದ ಈ ವೇದಿಕೆಯ ವಿಶೇಷವೆಂದರೆ ಚಪ್ಪರದ ಹೊರಗೂ ಹರಡಿಕೊಳ್ಳುತ್ತಿದ್ದ ಶ್ರೋತೃವರ್ಗ. ಚೀಟಿ ಕೊಂಡವರು ಒಳಗೆ ಕುಳಿತರೆ, ಉಳಿದವರು ಬೇಲಿಯಾಚೆ ರಸ್ತೆಬದಿಯಲ್ಲಿ ಕುಳಿತು ತಂಗಾಳಿಯಲ್ಲಿ ಕಛೇರಿ ಕೇಳುತ್ತಿದ್ದರು. ಮದರಾಸಿನ ಸಂಗೀತದ ಹಂಗಾಮು ಮಾರ್ಗಶಿರದ ಚಳಿಯನ್ನು ಆಶ್ರಯಿಸಿದರೆ, ಬೆಂಗಳೂರು ಅದೇ ಕಲೆಯನ್ನು ಬೇಸಿಗೆಯ ಬಯಲಿನಲ್ಲಿ ನಡೆಸಲು ಸಾಧ್ಯವಾದದ್ದು ಇಲ್ಲಿನ ಸಂಜೆಗಳ ಗುಣದಿಂದ.

ಅರಸರ ಬೇಸಿಗೆ ಇದಕ್ಕಿಂತ ಭಿನ್ನವಾಗಿತ್ತು; ಅದು ಗೋಡೆಗಳ ಒಳಗಿನದು. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್, ಮೂಲತಃ ಸುಮಾರು 40 ಎಕರೆಯ ಖಾಸಗಿ ವಿಹಾರದ ತೋಟ. ಟಿಪ್ಪು ಸುಲ್ತಾನ್ ದೂರದೇಶಗಳಿಂದ ಗಿಡಬೀಜಗಳನ್ನು ತರಿಸಿ ಅದನ್ನು ಬೆಳೆಸಿದ. 1781ರಲ್ಲಿ ಹೈದರ್ ಕೋಟೆಯೊಳಗೆ ಆರಂಭಿಸಿ, 1791ರಲ್ಲಿ ಟಿಪ್ಪು ಪೂರ್ಣಗೊಳಿಸಿದ ಎರಡಂತಸ್ತಿನ ಅರಮನೆಯೂ ಬೇಸಿಗೆಯ ವಾಸಕ್ಕೆ ತಕ್ಕಂತೆ ರೂಪುಗೊಂಡದ್ದು. ತೇಗದ ಕಂಬಗಳು, ಅವುಗಳ ನಡುವಿನ ಕಮಾನುಗಳು, ಗಾಳಿಗೆ ತೆರೆದುಕೊಂಡ ಮೊಗಸಾಲೆಗಳು ಕಲ್ಲಿನ ಕಟ್ಟಡದ ಕಾವನ್ನು ತಪ್ಪಿಸುತ್ತವೆ. ಅದಕ್ಕೆ ಇಟ್ಟ ರಶ್ಕ್-ಎ-ಜನ್ನತ್ ಎಂಬ ಪಾರಸಿ ಹೆಸರಿಗೆ ಸ್ವರ್ಗಕ್ಕೂ ಅಸೂಯೆ ಹುಟ್ಟಿಸುವಂಥದ್ದು ಎಂಬ ಅರ್ಥವಿದೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಇದೇ ಅರಮನೆ ಸರ್ಕಾರಿ ಕಚೇರಿಯಾಗಿ, 1868ರಲ್ಲಿ ಅಠಾರಾ ಕಚೇರಿ ಎಂಬ ಹೊಸ ಸರ್ಕಾರಿ ಕಟ್ಟಡ ಸಿದ್ಧವಾಗುವವರೆಗೂ ಹಾಗೆಯೇ ಉಳಿಯಿತು.

ಮೂರನೆಯ ಮೂಲವಾದ ದಂಡು, ಅಂದರೆ ಬ್ರಿಟಿಷ್ ಸೇನಾನೆಲೆ, ಬೆಂಗಳೂರಿಗೆ ಬಂದದ್ದೇ ಹವೆಯ ಕಾರಣದಿಂದ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ಅಲ್ಲಿ ನೆಲೆನಿಂತ ಪಡೆ ಮಲೇರಿಯಾದಿಂದ ತತ್ತರಿಸಿದಾಗ, 1809ರಲ್ಲಿ ಹಲಸೂರು ಕೆರೆಯ ಆಸುಪಾಸಿಗೆ ಸ್ಥಳಾಂತರಗೊಂಡಿತು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ರೈಲುಮಾರ್ಗ ಬಂದ ಮೇಲೆ ಮದರಾಸಿನ ಸೆಕೆಯಿಂದ ತಪ್ಪಿಸಿಕೊಳ್ಳುವವರಿಗೆ ಬೆಂಗಳೂರು ಸುಲಭವಾಗಿ ತಲುಪಬಹುದಾದ ಊರಾಯಿತು. ವಿಶಾಲವಾದ ಅಂಗಳ, ಜಗಲಿ, ಕಿಟಕಿಗಳ ಮೇಲೆ ಮಂಕಿ ಟಾಪ್ ಎನ್ನಲಾಗುವ ಚೂಪು ತುದಿಯ ಮರದ ಮುಚ್ಚಿಗೆಗಳುಳ್ಳ ಬಂಗಲೆಗಳು ಈ ಕಾಲದ ಕೊಡುಗೆ. ಅಧಿಕಾರಿಗಳಿಗೆ ಇಷ್ಟು ತಂಪೂ ಸಾಲದಾದಾಗ 1,478 ಮೀಟರ್ ಎತ್ತರದ ನಂದಿಬೆಟ್ಟವಿತ್ತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅಲ್ಲಿ ಬಂಗಲೆ ಇಟ್ಟುಕೊಂಡು ಬೇಸಿಗೆಯನ್ನು ಕಳೆಯುತ್ತಿದ್ದರು. ಟಿಪ್ಪುವಿನ ದುರ್ಗವಾಗಿದ್ದ ಬೆಟ್ಟ ಹೀಗೆ ವಿಶ್ರಾಂತಿಧಾಮವಾಗಿ, 1927ರ ಬೇಸಿಗೆಯಲ್ಲಿ ಅಸ್ವಸ್ಥರಾಗಿದ್ದ ಗಾಂಧೀಜಿಯವರೂ, ವೈದ್ಯರ ಸಲಹೆಯಂತೆ ಅಲ್ಲಿಗೆ ಬಂದು ತಂಗಿದರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗೋಡೆಯೊಳಗಿನ ಈ ವಿಹಾರ ನಿಧಾನವಾಗಿ ಸಾರ್ವಜನಿಕವಾಗತೊಡಗಿತು. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದ ವಿಲಿಯಂ ನ್ಯೂ, ಅವರ ನಂತರ ಜಾನ್ ಕ್ಯಾಮರಾನ್ ಅದರ ಹೊಣೆ ಹೊತ್ತರು. ಇಂದು ಬಯಲುಸೀಮೆಯ ಅಡುಗೆಮನೆಗೆ ಸಹಜವಾಗಿರುವ ಸೀಮೆಬದನೆಯನ್ನು ಇಲ್ಲಿ ಪರಿಚಯಿಸಿದ ಶ್ರೇಯ ಕ್ಯಾಮರಾನ್ ಅವರಿಗೆ ಸಲ್ಲುತ್ತದೆ. 1889ರ ನವೆಂಬರಿನಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ ಗಾಜಿನ ಮನೆ ಫಲಪುಷ್ಪ ಪ್ರದರ್ಶನಗಳಿಗೆ ಸ್ಥಿರವಾದ ನೆಲೆ ಒದಗಿಸಿತು. ಇತ್ತ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ 1870ರಲ್ಲಿ ಪೇಟೆಗೂ ದಂಡಿಗೂ ನಡುವೆ ರೂಪಿಸಿದ ಉದ್ಯಾನ ಮೊದಲು ಮೀಡ್ಸ್ ಪಾರ್ಕ್, ನಂತರ ಕಬ್ಬನ್ ಪಾರ್ಕ್ ಎಂದು ಹೆಸರಾಯಿತು. 1927ರಲ್ಲಿ ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಅಧಿಕೃತ ಹೆಸರು ಬಂದರೂ ಬಳಕೆಯಲ್ಲಿ ಹಳೆಯ ಹೆಸರೇ ಉಳಿದಿದೆ. ಅಲ್ಲಿನ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಸಂಜೆ ನುಡಿಯುತ್ತಿದ್ದ ವಾದ್ಯವೃಂದ, 1865ರಲ್ಲಿ ಸ್ಥಾಪನೆಯಾಗಿ ಮುಂದೆ ಈ ಉದ್ಯಾನದಲ್ಲಿ ನೆಲೆಗೊಂಡ ಸರ್ಕಾರಿ ವಸ್ತುಸಂಗ್ರಹಾಲಯ, ನೆರಳಿನ ದಾರಿಗಳು ಎರಡೂ ಊರುಗಳ ಜನರನ್ನು ಒಂದೆಡೆ ತಂದವು. ಇದೇ ಅವಧಿಯಲ್ಲಿ ಮೈಸೂರು ಅರಸರಿಗಾಗಿ 1873ರಲ್ಲಿ ಕೊಂಡ ಬೆಂಗಳೂರು ಅರಮನೆ ಮತ್ತು ದಂಡಿನ ಕುದುರೆ ಪಂದ್ಯಗಳು ಶ್ರೀಮಂತರ ಬೇಸಿಗೆಗೆ ಮೆರುಗು ಕೊಟ್ಟವು. 1921ರಲ್ಲಿ ಸ್ಥಾಪನೆಯಾದ ಬೆಂಗಳೂರು ಟರ್ಫ್ ಕ್ಲಬ್ಬಿನ ಬೇಸಿಗೆ ಪಂದ್ಯಗಳು ಆ ಪರಂಪರೆಯ ಉಳಿಕೆ.

ಹೂಬಿಡುವ ಸಾಲುಮರಗಳು ಬೇಸಿಗೆಯ ದೃಶ್ಯವಾದದ್ದು ಇನ್ನೂ ಈಚೆಗೆ. 1908ರಲ್ಲಿ ಲಾಲ್‌ಬಾಗಿನ ಮೇಲ್ವಿಚಾರಣೆಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಒಂದು ಜಾತಿಯ ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ರಸ್ತೆಗಳಿಗೆ ಮರಗಳನ್ನು ಆರಿಸುವ ಕ್ರಮವನ್ನು ಬೆಳೆಸಿದರು. ದಕ್ಷಿಣ ಅಮೆರಿಕದ ಜಕರಂಡ, ಮಡಗಾಸ್ಕರಿನ ಗುಲ್‌ಮೊಹರ್ ಮುಂತಾದ ಪರದೇಶಿ ಮರಗಳು ಹೊಂಗೆ, ಬೇವುಗಳ ಜೊತೆ ಬೆರೆತು ಮಾರ್ಚಿನಿಂದ ಮೇವರೆಗೆ ಬಣ್ಣಗಳ ಸರದಿಯನ್ನೇ ನಿರ್ಮಿಸಿದವು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಟ್ಟ ಕಾರ್ಯಕ್ರಮ ಈ ಕ್ರಮವನ್ನು ಹೊಸ ಬಡಾವಣೆಗಳಿಗೂ ವಿಸ್ತರಿಸಿತು. ಶಾಲೆಗಳ ಬೇಸಿಗೆ ರಜೆಗೆ ಹೊಂದಿಕೊಂಡು ಬಂದ ಬಾಲಭವನದ ಪುಟಾಣಿ ರೈಲು, 1960ರ ದಶಕದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, 1989ರ ನೆಹರು ತಾರಾಲಯ, ಲಾಲ್‌ಬಾಗಿನ ಮಾವಿನ ಮೇಳ ಇವೆಲ್ಲ ಹಳೆಯ ಉದ್ಯಾನಗಳ ಆವರಣದಲ್ಲೋ ಆಸುಪಾಸಿನಲ್ಲೋ ಬೇರೂರಿದವು ಎಂಬುದು ಗಮನಾರ್ಹ.

ಅರಸರ ತೋಟಗಳು ಜನರ ಪಾಲಾದ ಕಾಲದಲ್ಲಿಯೇ, ಜನರದಾಗಿದ್ದ ಕೆರೆಗಳು ಒಂದೊಂದಾಗಿ ಕಣ್ಮರೆಯಾದದ್ದು ಈ ಚರಿತ್ರೆಯ ಇನ್ನೊಂದು ಮುಖ. 1890ರ ದಶಕದಲ್ಲಿ ಹೆಸರಘಟ್ಟದಿಂದಲೂ, 1933ರ ನಂತರ ತಿಪ್ಪಗೊಂಡನಹಳ್ಳಿಯಿಂದಲೂ ಕೊಳವೆಗಳಲ್ಲಿ ನೀರು ಬರತೊಡಗಿದ ಮೇಲೆ, ಊರೊಳಗಿನ ಕೆರೆಗಳನ್ನು ಕಾಯ್ದುಕೊಳ್ಳುವ ಅಗತ್ಯ ಕಡಿಮೆಯಾಯಿತು. ಧರ್ಮಾಂಬುಧಿಯ ಅಂಗಳ ಇಂದು ಕೆಂಪೇಗೌಡ ಬಸ್ ನಿಲ್ದಾಣ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾದದ್ದಕ್ಕೆ ಕೆರೆಗಳ ನಾಶವೊಂದೇ ಕಾರಣವಲ್ಲವಾದರೂ, ನೀರೂ ಮರವೂ ಕಡಿಮೆಯಾಗಿ ಕಾಂಕ್ರೀಟು ಹೆಚ್ಚಿದ ಕಡೆ ಹಗಲಿನ ಕಾವು ರಾತ್ರಿಯಲ್ಲೂ ಉಳಿಯುತ್ತದೆಂಬುದು ತಿಳಿದ ಸಂಗತಿ. ಸಂಜೆಯ ತಂಪನ್ನೇ ನಂಬಿಕೊಂಡು ಬೆಳೆದ ಊರಿಗೆ ಇದು ಸಣ್ಣ ನಷ್ಟವಲ್ಲ.

ಆದರೆ ಉಳಿದ ನೀರು ಯಾವ ಕಾರಣದಿಂದ ಉಳಿಯಿತೆಂದು ನೋಡಿದರೆ ಈ ಚರಿತ್ರೆಯ ಅರ್ಥ ಸ್ಪಷ್ಟವಾಗುತ್ತದೆ. ಸಂಪಂಗಿ ಕೆರೆಯ ಬಹುಭಾಗ ಹೋದರೂ ಕ್ರೀಡಾಂಗಣದ ಪಕ್ಕದಲ್ಲಿ ಪುಟ್ಟ ಕೊಳವೊಂದು ಉಳಿದದ್ದು ಕರಗದ ವಿಧಿಗಳಿಗಾಗಿ. 1882ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆ ಜನರ ವಾಯುವಿಹಾರಕ್ಕೂ, ಹಲಸೂರು ಕೆರೆ ದೋಣಿವಿಹಾರಕ್ಕೂ ಒದಗಿದ್ದರಿಂದ ಅವುಗಳ ಮೇಲೆ ಊರಿನ ಕಣ್ಣು ಇತ್ತು. ಕುಡಿಯುವ ನೀರಿನ ಮೂಲವೆಂಬ ಉಪಯೋಗ ಮುಗಿದ ಮೇಲೆ ಈ ಜಲಾಶಯಗಳನ್ನು ಕಾಪಾಡಿದವು ಒಂದೆಡೆ ಆಚರಣೆ, ಇನ್ನೊಂದೆಡೆ ವಿಹಾರ. ಆದ್ದರಿಂದ ಬೇಸಿಗೆಯ ಉತ್ಸವ, ಕಛೇರಿ, ಉದ್ಯಾನದ ಸುತ್ತಾಟಗಳನ್ನು ಕೇವಲ ಪ್ರವಾಸಿಗರ ಕಾಲಕ್ಷೇಪವೆಂದು ಬದಿಗಿಡುವುದು ಸರಿಯಾಗದು. ಬೆಂಗಳೂರಿನಲ್ಲಿ ಬಯಲು, ಮರ, ನೀರುಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಿ ಬಹುಪಾಲು ಜನ ಬೇಸಿಗೆಯಲ್ಲಿ ಬಂದು ಸೇರುವ ರೂಢಿಯೊಂದು ಅವುಗಳಿಗೆ ಕಾವಲಾಗಿ ನಿಂತಿದೆ. ನಗರದ ಯೋಜನೆಗಳನ್ನು ರೂಪಿಸುವವರು ಈ ರೂಢಿಗಳನ್ನೂ ಅದರ ಸಂಪತ್ತಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಾಗಿದೆ.